ಲಿವರಿನ ಚೂರು ನೋಡಿ ‘ಸಾಕು’ ಎನ್ನುವ ಕೆಲಸ

ಹೋದ ವಾರ ನನ್ನ ಪೋಸ್ಟಿನ ಕೆಳಗೆ ಜೇವರ್ಗಿಯ ಹುಡುಗಿಯೊಬ್ಬಳು ಕೇಳಿದ್ದಳು: "ಮೇಡಂ, ನಾ ಪ್ಯಾಥಾಲಜಿ ತಗೊಂಡೇನ್ರಿ. ಇದರಾಗ ಪೇಶಂಟ್ ಮಾರಿ ನೋಡೋದು ಇರಂಗಿಲ್ಲಂತಲ್ರಿ, ಖರೇನ್ರಿ?" ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ನಾನು ನಗಲಿಲ್ಲ. ಪೇಶಂಟ್ ಮುಖ ನೋಡಬೇಕಿಲ್ಲ ಅನ್ನುವ ಆಸೆಯಿಂದಲೇ ನಾನೂ ಆ ವಿಭಾಗಕ್ಕೆ ಸೇರಿದವಳು. ಸ್ವಯಂ ನಿವೃತ್ತಿ ತಗೊಂಡು ಮನೆಯಲ್ಲಿ ಕೂತಿರುವ ಈಗ ನೆನಪಿಗೆ ಬರುವುದೆಲ್ಲ ಪೇಶಂಟ್ ಮುಖಗಳೇ. ಆದ್ದರಿಂದ ಉತ್ತರ ಉದ್ದವಿದೆ. ಚಹಾ ಇಟ್ಟುಕೊಂಡು ಓದಿ.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ಯಾರದಾದರೂ ಲಿವರಿನಲ್ಲಿ ಗಂಟು ಕಂಡರೆ, ಇಲ್ಲವೇ ಲಿವರು ಯಾಕೆ ಕೆಡುತ್ತಿದೆ ಅಂತ ತಿಳಿಯದಿದ್ದರೆ, ಬಲಗಡೆ ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ ಒಂದು ಎಳೆ ತೆಗೆಯುತ್ತಾರೆ. ಬಯಾಪ್ಸಿ ಅಂದರೆ ಇದೇ. ಎಳೆ ಅಂದರೆ ಮುರಿದ ಶಾವಿಗೆಯಷ್ಟು. ಸೂಜಿ ಹಾಕುವವರು ಸ್ಕ್ಯಾನಿಂಗ್ ಡಾಕ್ಟರು. ಆ ಎಳೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗದ ಹೆಸರು ಹೇಳುವವಳು ನಾನು. ನೌಕರಿಯ ಎರಡನೇ ಅರ್ಧದಲ್ಲಿ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಸೂಜಿ ಹಾಕುವಾಗಲೇ ಮೇಜಿನ ಪಕ್ಕ ನಿಂತು, ಬಂದ ಎಳೆ ನೋಡಿ, "ಸಾಕು" ಇಲ್ಲವೇ "ಸಾಲದು" ಅನ್ನಬೇಕು. "ಸಾಲದು" ಅಂದರೆ ಮಲಗಿದವರಿಗೆ ಇನ್ನೊಂದು ಚುಚ್ಚು, ಒಳಗೆ ರಕ್ತ ಸೋರುವ ಇನ್ನೊಂದು ಅಪಾಯ. ದಾಕ್ಷಿಣ್ಯಕ್ಕೆ "ಸಾಕು" ಅಂದರೆ ಅವರು ರೋಗದ ಹೆಸರೇ ಇಲ್ಲದೆ ಮನೆಗೆ ಹೋಗುತ್ತಾರೆ.

ನಾನು ಸೇರಿದಾಗ ಇದೊಂದೂ ಇರಲಿಲ್ಲ. ನಮ್ಮ ವಿಭಾಗದ ದೊಡ್ಡ ಸಾಹೇಬರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಚೂರು ನಮ್ಮ ಹತ್ತಿರ ಬರಬೇಕು, ನಾವು ಚೂರಿನ ಹತ್ತಿರ ಹೋಗಬಾರದು ಅನ್ನುವುದು ಅವರ ಕಾನೂನು. ಬರುವ ಚೂರುಗಳೋ, ದೇವರಿಗೇ ಪ್ರೀತಿ. ಒಮ್ಮೆ ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಿ, ಮಾಂಸ ಕೆಡದಂತೆ ಕಾಯುವ ಫಾರ್ಮಲಿನ್ ಬದಲು ಬರೀ ನೀರು ಹಾಕಿ, ಅದರೊಳಗೆ ಚೂರು ತೇಲಿಸಿ, ಬೇಸಿಗೆಯ ಬಸ್ಸಿನಲ್ಲಿ ಕಳಿಸಿದ್ದರು. ಮುಚ್ಚಳ ತೆಗೆದ ಕೂಡಲೇ ಎಣ್ಣೆ ವಾಸನೆ, ಆಮೇಲೆ ಕೊಳೆತ ವಾಸನೆ. ಇನ್ನೊಮ್ಮೆ ಚೂರನ್ನು ಒಣ ಹತ್ತಿಬಟ್ಟೆಯ ಮೇಲೆ ಇಟ್ಟಿದ್ದರು. ಹಂಚಿಗೆ ಹತ್ತಿದ ರೊಟ್ಟಿಯನ್ನು ಕೆರೆದು ತೆಗೆದಂತೆ ತೆಗೆದೆ. ಇಂಥವಕ್ಕೆಲ್ಲ ಸಾಹೇಬರು "ಮಾದರಿ ಸಾಲದು" ಅಂತ ಬರೆದು, ಕೈಯಲ್ಲಿದ್ದ ಚಹಾ ಕೆಳಗಿಡದೆ ಸಹಿ ಹಾಕುತ್ತಿದ್ದರು.

ಆ ಸಹಿಯ ಆಚೆ ಏನಾಗುತ್ತದೆ ಅಂತ ನನಗೆ ತೋರಿಸಿದವನು ಅಫಜಲಪುರ ಕಡೆಯ ಒಬ್ಬ ಪೈಲ್ವಾನ. ಅವನ ಚೂರು ನೋಡಿದರೆ ಅದರಲ್ಲಿ ಲಿವರೇ ಇಲ್ಲ. ಪಕ್ಕೆಯ ಸ್ನಾಯು ಅಷ್ಟೇ. ಮೈಯೇ ಹಾಗಿತ್ತು, ಸೂಜಿ ಸ್ನಾಯು ದಾಟುವುದರೊಳಗೆ ಸುಸ್ತಾಗಿತ್ತು. "ಸಾಲದು" ಅಂತ ಬರೆದು ಕಳಿಸಿದೆವು. ಸಾಮಾನ್ಯವಾಗಿ ಆ ಚೀಟಿ ಹಿಡಿದವರು ಮತ್ತೆ ಬರುತ್ತಿರಲಿಲ್ಲ. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮತ್ತೆ ಅದೇ ಸೂಜಿ. ಇವನು ಬಂದ. ಸೀದಾ ನಮ್ಮ ಲ್ಯಾಬಿಗೇ ಬಂದು, ಬಾಗಿಲು ತುಂಬ ನಿಂತು ನನ್ನನ್ನು ಕೇಳಿದ: "ಬಾಯಾರ, ನನ್ನ ಲಿವರ್ ಎಲ್ಲಿ ಅದ ಅಂಬೋದು ಡಾಕ್ಟರಿಗೆ ಸಿಗವಲ್ದಂತಲ್ರಿ. ನಾ ತೋರಸ್ಲೇನ್ರಿ?"

ನಗು ಬಂತು, ನಾಚಿಕೆಯೂ ಆಯಿತು. ಅವನ ಜೊತೆಗೇ ಎದ್ದು ಸ್ಕ್ಯಾನಿಂಗ್ ರೂಮಿಗೆ ಹೊರಟೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, ಕಂಪೌಂಡರ್ ಕೆಲಸ ಅಷ್ಟು ಇಷ್ಟವಿದ್ದರೆ ಹೋಗಿ ಅಂದರು. ಹೋದೆ. ಆವತ್ತು ಮೊದಲ ಸಲ ಸೂಜಿಯಿಂದ ಎಳೆ ಜಾರಿ ಸಲೈನಿನ ತಟ್ಟೆಗೆ ಬೀಳುವುದನ್ನು ಕಣ್ಣಾರೆ ನೋಡಿದೆ. ಮೊದಲನೆಯದು ಪೇಲವ, ನಾರುನಾರು. ಮತ್ತೆ ಸ್ನಾಯುವೇ. "ಸಾಲದು" ಅಂದೆ. ಇನ್ನಷ್ಟು ಒಳಗೆ ಹೋಗಿ ತೆಗೆದದ್ದು, ಎಲೆ ಅಡಿಕೆಗೆ ಹಾಕುವ ಕಾಚು ನೆನೆದಾಗಿನ ಕೆಂಗಂದು ಬಣ್ಣದ ಎಳೆ. ತಟ್ಟೆಯ ತಳಕ್ಕೆ ಹೋಗಿ ಕೂತಿತು. ಮೈಕ್ರೋಸ್ಕೋಪೇ ಬೇಡ, ಕಣ್ಣಿಗೇ ಗೊತ್ತಾಗುತ್ತದೆ. ಒಬ್ಬರು ಪಕ್ಕದಲ್ಲಿ ನಿಂತಿದ್ದರೆ ಪೈಲ್ವಾನ ಎರಡನೇ ಸಲ ಬಸ್ಸು ಹತ್ತಬೇಕಿರಲಿಲ್ಲ. ಅವತ್ತಿನಿಂದ ಯಾರು ಏನಂದರೂ ನಾನು ಬಯಾಪ್ಸಿ ಇದ್ದಾಗೆಲ್ಲ ಆ ರೂಮಿಗೆ ಹೋಗಿಯೇ ತೀರುತ್ತೇನೆ ಅಂತ ನಿರ್ಧಾರ ಮಾಡಿದೆ. ಸಾಹೇಬರು ನಿವೃತ್ತರಾಗುವವರೆಗೆ ಗೊಣಗಿದರು, ನಾನು ನೌಕರಿ ಬಿಡುವವರೆಗೆ ಹೋದೆ.

ಈಗ ಹೊಸಬರಿಗೆ ಸ್ವಲ್ಪ ಪಾಠ. ಒಳ್ಳೆಯ ಎಳೆ ಉದ್ದಕ್ಕೆ ಒಂದೇ ತುಂಡಾಗಿ ಬರುತ್ತದೆ, ಮುಳುಗುತ್ತದೆ. ಗಟ್ಟಿಯಾಗಿ ಗಂಟುಗಟ್ಟಿದ ಲಿವರಿನದು ಉಪ್ಪಿಟ್ಟಿನ ಹಾಗೆ ಉದುರುಉದುರು. ಹಸಿರು ಕಂಡರೆ ಪಿತ್ತ ನಿಂತಿದೆ. ಬಿಳಿ ಕಂಡರೆ ಎಚ್ಚರವಾಗಿರಿ, ಬಿಳಿಗೆ ಹತ್ತು ಕಾರಣ. ತೇಲಿದರೆ ಕೊಬ್ಬು.

ತೇಲುವುದರ ಬಗ್ಗೆ ಒಂದು ಮಾತು. ಜೇವರ್ಗಿಯ ಒಬ್ಬ ಕಿರಾಣಿ ಅಂಗಡಿಯವರು ಜೀವಮಾನದಲ್ಲಿ ಒಂದು ಹನಿ ಕುಡಿದಿಲ್ಲ ಅಂತ ಹೇಳಿ ಮಲಗಿದರು. ಅವರ ಎಳೆ ಬೆಣ್ಣೆ ಬಣ್ಣದ್ದು, ತೇಲುತ್ತಲೇ ಇತ್ತು. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರ್ ಪಾಟೀಲರು, ಇದು ಕುಡಿತದ ಕೊಬ್ಬೇ ಅನ್ನುವ ಹಾಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆ ಹುಬ್ಬನ್ನು ಅಂಗಡಿಯವರೂ ನೋಡಿದರು, ಬಾಗಿಲ ಸಂದಿಯಿಂದ ಅವರ ಹೆಂಡತಿಯೂ ನೋಡಿದರು. ಆಮೇಲೆ ಹೊರಗೆ ನಡೆದ ವಿಚಾರಣೆ ನಮ್ಮ ರೂಮಿಗೂ ಕೇಳಿಸುತ್ತಿತ್ತು. ರಿಪೋರ್ಟ್ ಬರೆಯುವಾಗ ಉಳಿದ ಪರೀಕ್ಷೆ ತೆಗೆದು ನೋಡಿದರೆ ಮನುಷ್ಯ ಹೇಳಿದ್ದು ನಿಜ. ಸಕ್ಕರೆ ಕಾಯಿಲೆ ಮಿತಿ ಮೀರಿತ್ತು, ಕೊಬ್ಬು ಅದರಿಂದ. ಪಾಟೀಲರೇ ಹೋಗಿ ಆ ಹೆಂಡತಿಗೆ ಹೇಳಿ ಬಂದರು. ಆದ್ದರಿಂದ ತಟ್ಟೆ ನೋಡಿದ ಕೂಡಲೇ ಹುಬ್ಬು ಹಾರಿಸಬೇಡಿ. ಚೂರು ಸಾಕೋ ಸಾಲದೋ ಅಂತ ಹೇಳುವುದಷ್ಟೇ ಅಲ್ಲಿಯ ಕೆಲಸ. ಮನುಷ್ಯ ಎಂಥವನು ಅಂತ ಹೇಳುವುದಲ್ಲ.

ಪಾಟೀಲರ ಬಗ್ಗೆ ಹೇಳಲೇಬೇಕು. ಕೈ ಬಂಗಾರ, ಬಾಯಿ ಹಸಿಮೆಣಸಿನಕಾಯಿ. ನಾನು ಮೈಕ್ರೋಸ್ಕೋಪನ್ನು ತಳ್ಳುಗಾಡಿಯ ಮೇಲಿಟ್ಟು ಅವರ ರೂಮಿಗೆ ತಳ್ಳಿಕೊಂಡು ಬಂದ ದಿನ, "ಮೇಡಂ, ಇನ್ನ ನಿಮ್ಮ ಒಲಿ ಪಾತ್ರಿನೂ ತಂದ್ಬಿಡ್ರಿ, ಇಲ್ಲೇ ಅಡಗಿ ಮಾಡೋಣು" ಅಂದವರು. ಗಾಡಿ ಯಾಕೆ ಅಂದರೆ, ಎಳೆಯನ್ನು ಗಾಜಿನ ಸ್ಲೈಡಿಗೆ ಮೆಲ್ಲಗೆ ತಾಗಿಸಿದರೆ ಕೆಲವು ಜೀವಕೋಶ ಅಂಟುತ್ತವೆ. ಅದಕ್ಕೆ ನೀಲಿ ಬಣ್ಣ ಹಾಕಿ ಅಲ್ಲೇ ನೋಡಬಹುದು. ಬಂದದ್ದು ಜೀವಂತ ಭಾಗವೋ, ಸತ್ತ ಭಾಗವೋ ಅಂತ ಪೇಶಂಟ್ ಮೇಜಿನ ಮೇಲಿರುವಾಗಲೇ ತಿಳಿಯುತ್ತದೆ.

ನಮ್ಮ ಕಡೆಯ ದೊಡ್ಡ ತೊಂದರೆ ಉಸಿರಿನದು. ಉಸಿರಾಡಿದರೆ ಲಿವರು ಮೇಲೆ ಕೆಳಗೆ ಸರಿಯುತ್ತದೆ. ಅದಕ್ಕೇ ಉಸಿರು ಪೂರ್ತಿ ಹೊರಗೆ ಬಿಟ್ಟು ಆ ಒಂದು ಕ್ಷಣ ಸುಮ್ಮನಿರಬೇಕು, ಆಗ ಸೂಜಿ. ನಮ್ಮ ಜನರಿಗೆ "ದಮ್ ಹಿಡೀರಿ" ಅಂದರೆ ಏನು ಮಾಡುತ್ತಾರೆ ಗೊತ್ತೇ? ಜೋಳದ ಚೀಲ ಎತ್ತುವ ಮುಂಚೆ ಮಾಡುವ ಹಾಗೆ ಎದೆ ತುಂಬ ಗಾಳಿ ಜಗ್ಗಿ ಬಿಗಿಯುತ್ತಾರೆ. ಆಳಂದದಿಂದ ಅಫಜಲಪುರದವರೆಗೆ ಎಲ್ಲರೂ ಹಾಗೇ. ಗುರಿಯಿಟ್ಟ ಗಂಟು ಎರಡು ಬೆರಳು ಕೆಳಗೆ ಹೋಗಿರುತ್ತದೆ. ನಮ್ಮ ಮುಮ್ತಾಜ್ ಸಿಸ್ಟರ್ ಇದಕ್ಕೊಂದು ದಾರಿ ಹುಡುಕಿದರು. ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ ಉಸಿರು ಬಿಡಿ, ಪೂರ್ತಿ ಬಿಟ್ಟ ಮೇಲೆ ಹಾಗೇ ನಿಲ್ಲಿ ಅನ್ನುತ್ತಿದ್ದರು. ಹೆಂಗಸರಿಗೆ ತಟ್ಟನೆ ತಿಳಿಯುತ್ತಿತ್ತು. ಗಂಡಸರು ಜನ್ಮದಲ್ಲಿ ಒಲೆ ಊದಿದ್ದರಲ್ಲವೇ ತಿಳಿಯುವುದು. ಅವರಿಗೆ ಬೀಡಿ ಹೊಗೆ ಬಿಟ್ಟ ಹಾಗೆ ಬಿಡಿ ಅಂತ ಹೇಳಬೇಕಾಯಿತು.

ಈಗ ಕಾಶಮ್ಮನ ವಿಷಯ. ಈ ಉತ್ತರ ಬರೆಯಲು ಕೂತದ್ದೇ ಆಕೆಯ ಸಲುವಾಗಿ.

ಕಾಶಮ್ಮ ಆಳಂದ ತಾಲೂಕಿನವಳು, ಜಿಡಗಾ ಹತ್ತಿರದ ಹಳ್ಳಿ. ತಿಂಗಳುಗಟ್ಟಲೆ ಸಣ್ಣ ಜ್ವರ, ಮೈ ಇಳಿದು ಬಳೆಗಳು ಮೊಣಕೈವರೆಗೆ ಓಡಾಡುತ್ತಿದ್ದವು. ಸ್ಕ್ಯಾನಿನಲ್ಲಿ ಲಿವರಿನಲ್ಲಿ ಗಂಟುಗಳು. ಸೊಲ್ಲಾಪುರದಲ್ಲಿ ಒಬ್ಬರು ಆ ಚಿತ್ರ ನೋಡಿಯೇ ಕ್ಯಾನ್ಸರ್ ಅಂದು, ಮನೆಗೆ ಕರಕೊಂಡು ಹೋಗಿ ಬೇಕಾದ್ದು ತಿನ್ನಿಸಿ ಅಂದಿದ್ದರು. ಮಗ ಶರಣಪ್ಪ ಬಸ್ ಡ್ರೈವರ್. ಅವ್ವನಿಗೆ ಬರೀ ಬಾವು ಬಂದಿದೆ ಅಂತ ಹೇಳಿದ್ದ. ಗುಲ್ಬರ್ಗಾದಲ್ಲಿ ಒಂದು ಸಲ ತೋರಿಸು ಅಂತ ಆಕೆ ಹಟ ಹಿಡಿದಳು ಅಂತಷ್ಟೇ ಬಂದಿದ್ದ. ಅವನ ಮನಸ್ಸಿನಲ್ಲಿ ಎಲ್ಲ ಮುಗಿದಿತ್ತು. ನನ್ನನ್ನು ಪಕ್ಕಕ್ಕೆ ಕರೆದು, ಏನೇ ಬಂದರೂ ಅವ್ವನ ಮುಂದೆ ಹೆಸರು ಎತ್ತಬೇಡಿ ಅಂತ ಕೈ ಮುಗಿದ.

ವಯಸ್ಸು ಕೇಳಿದ್ದಕ್ಕೆ ಕಾಶಮ್ಮ, "ರಜಾಕಾರ ಗಲಾಟಿ ಹೊತ್ನ್ಯಾಗ ನಂದು ಮುಂದಿನ ಹಲ್ಲು ಬಿದ್ದಿದ್ದವು. ನೀನೇ ಲೆಕ್ಕ ಹಾಕೊ ಯವ್ವಾ" ಅಂದಳು. ನಮ್ಮ ಕಡೆ ಹಳಬರ ವಯಸ್ಸು ಹೀಗೇ ಸಿಗುವುದು. ರಜಾಕಾರರ ಹಾವಳಿ, ಅಂದರೆ ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ, ಆರೋ ಏಳೋ ವರ್ಷ ಅಂತ ಬರೆದುಕೊಂಡೆ.

ಅವತ್ತು ಮುಮ್ತಾಜ್ ಸಿಸ್ಟರ್ ರಜೆ. ಅವರ ಜಾಗದಲ್ಲಿದ್ದ ಹೊಸ ನರ್ಸ್ "ಆಯಿ, ದಮ್ ಹಿಡೀರಿ" ಅಂದುಬಿಟ್ಟಳು. ಕಾಶಮ್ಮ ಎದೆ ತುಂಬಿಕೊಂಡಳು. ಸೂಜಿ ಅಷ್ಟರಲ್ಲಿ ಒಳಗೆ ಹೋಗಿತ್ತು. ಪಾಟೀಲರು ಗಂಟಿನ ಅಂಚಿಗೆ ಗುರಿಯಿಟ್ಟಿದ್ದರು, ಗಂಟು ಸರಿದು ಸೂಜಿ ಅದರ ನಟ್ಟನಡುವೆ ಬಿತ್ತು. ಬಂದ ಎಳೆ ಉದ್ದವೇನೋ ಇತ್ತು. ಬಣ್ಣ ಒಡೆದ ಹಾಲಿನ ಗಸಿಯದು. ತಟ್ಟೆಯಲ್ಲಿ ಅಲುಗಿಸಿದರೆ ಪುಡಿಯಾಗುತ್ತಿತ್ತು. ಸ್ಲೈಡಿಗೆ ತಾಗಿಸಿ ನೋಡಿದೆ. ಎಲ್ಲ ಸತ್ತ ಕಸ, ಒಂದು ಜೀವಕೋಶವೂ ಉಳಿದಿರಲಿಲ್ಲ. ಕ್ಯಾನ್ಸರ್ ಗಂಟು ನಡುವೆ ಹೀಗೆ ಸಾಯುತ್ತದೆ. ಕ್ಷಯದ ಗಂಟೂ ಹೀಗೇ ಸಾಯುತ್ತದೆ. ಒಂದಕ್ಕೆ ಆ ಹೊತ್ತಿಗೆ ಮಾಡುವುದೇನೂ ಇರಲಿಲ್ಲ. ಇನ್ನೊಂದಕ್ಕೆ ಗುಳಿಗೆ ಇದೆ, ತಿಂದರೆ ವಾಸಿ. ಯಾವುದು ಅಂತ ಹೇಳಬೇಕಾದರೆ ಗಂಟಿನ ಅಂಚು ಬೇಕು, ಸಾವು ಮುಟ್ಟದ ಭಾಗ.

"ಸಾಲದು" ಅಂದೆ.

ಪಾಟೀಲರಿಗೆ ಸಿಟ್ಟು ಬಂತು. ಇಷ್ಟುದ್ದ ಬಂದಿದೆ, ಇನ್ನೇನು ಬೇಕು ಅಂದರು. ಆಮೇಲೆ ದನಿ ತಗ್ಗಿಸಿ, "ಮೇಡಂ, ಅಂಚಿನ ಬಾಜೂಕೇ ದೊಡ್ಡ ರಕ್ತನಾಳ ಅದ. ಈಕಿ ಮತ್ತ ಉಸುರು ಜಗ್ಗಿದ್ರ ಸೂಜಿ ಸೀದಾ ಅದರಾಗ. ಹೆಚ್ಚುಕಮ್ಮಿ ಆದ್ರ ಹೊಣಿ ನಾನು, ನೀವಲ್ಲ" ಅಂದರು. ಅವರು ಹೇಳಿದ್ದು ತಪ್ಪಲ್ಲ. ಸೂಜಿ ಹಿಡಿದವರಿಗೆ ಆ ಹೆದರಿಕೆ ಇರಲೇಬೇಕು. ಬಾಗಿಲಲ್ಲಿ ನಿಂತಿದ್ದ ಶರಣಪ್ಪನೂ ಶುರು ಮಾಡಿದ. ತೆಗೆದಿರಲ್ಲ, ಸಾಕು ಬಿಡಿ, ಅವ್ವನಿಗೆ ಇನ್ನು ತ್ರಾಸು ಕೊಡಬೇಡಿ ಅಂದ.

ನಾನೂ ಬಿಡುವವಳಲ್ಲ. ಇದೇ ಚೂರು ಹಿಡಿದು ಕೂತರೆ ನನ್ನ ರಿಪೋರ್ಟಿನಲ್ಲಿ ಬರೆಯಲು ಏನೂ ಇಲ್ಲ, ಆಕೆ ಸೊಲ್ಲಾಪುರದ ಮಾತನ್ನೇ ಕಟ್ಟಿಕೊಂಡು ಮನೆಗೆ ಹೋಗುತ್ತಾಳೆ ಅಂದೆ. ಇಬ್ಬರು ಡಾಕ್ಟರು, ಒಬ್ಬ ಮಗ, ಮೂವರೂ ಆಕೆಯ ಹೊಟ್ಟೆಯ ಮೇಲಿಂದ ಜಗಳ ಆಡುತ್ತಿದ್ದೆವು.

"ಏಯ್, ನಾ ಇಲ್ಲೇ ಇದ್ದೇನಲ್ಲ" ಅಂದಳು ಕಾಶಮ್ಮ. "ಶರಣ್ಯಾ, ನೀ ಜರಾ ಬಾಯಿ ಮುಚ್ಚು. ಯವ್ವಾ ಡಾಕ್ಟರಬಾಯಿ, ನೀ ಹೇಳು. ಏನದ ಒಳಗ?"

ಶರಣಪ್ಪ ನನ್ನ ಕಡೆ ನೋಡಿದ. ಕೈ ಮುಗಿದದ್ದು ನೆನಪಿತ್ತು. ಆದರೆ ಚುಚ್ಚಿಸಿಕೊಳ್ಳುವ ದೇಹ ಅವನದಲ್ಲ.

"ಆಯಿ, ಎರಡರಾಗ ಒಂದು" ಅಂದೆ. "ಒಂದು ಕೆಟ್ಟ ರೋಗ, ಅದಕ್ಕ ನಮ್ಮ ಹತ್ರ ದವಾ ಇಲ್ಲ. ಇನ್ನೊಂದು ಟೀಬಿ, ಅದಕ್ಕ ಗುಳಗಿ ಅದ. ಯಾವುದು ಅಂತ ಈ ಚೂರು ಹೇಳವಲ್ದು. ಇನ್ನೊಮ್ಮಿ ಚುಚ್ಚಬೇಕು. ಚುಚ್ಚಿದ್ರ ರಕ್ತ ಸೋರೂ ಭಯ ಅದ. ನೀವು ಬ್ಯಾಡ ಅಂದ್ರ ಇಲ್ಲಿಗೇ ಬಿಡ್ತೀವಿ."

ಆಕೆ ಮಗನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ. "ಓಹೋ, ಬಾವು ಅಂದಿದ್ದೆಲ್ಲಾ ಇದೇ ಏನು" ಅಂದಳು. ಆಮೇಲೆ ಪಾಟೀಲರ ಕಡೆ ತಿರುಗಿ, "ಚುಚ್ಚ್ರಿ ಸಾಹೇಬ್ರ. ನಾ ಏನ್ ಮಾಡ್ಬೇಕು ಅದನ್ನ ಬರೋಬ್ಬರಿ ಹೇಳ್ರಿ" ಅಂದಳು.

ಮುಮ್ತಾಜ್ ಸಿಸ್ಟರ್ ಪಾಠವನ್ನು ನಾನೇ ಒಪ್ಪಿಸಿದೆ. ಒಲೆ ಊದಿದ ಹಾಗೆ ಪೂರ್ತಿ ಬಿಟ್ಟು, ಹಾಗೇ ನಿಲ್ಲಬೇಕು, ಒಳಗೆ ಎಳೆಯಬಾರದು. "ಅಂದ್ರ ಹಗೇವಿನಾಗ ಕುಂತಂಗ" ಅಂದಳು ಕಾಶಮ್ಮ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ, ಬಾಯಿಗೆ ಕಲ್ಲು ಮುಚ್ಚುತ್ತಾರೆ. ಗಲಾಟೆ ವರ್ಷ ಊರಿಗೆ ಮಂದಿ ನುಗ್ಗುತ್ತಾರೆ ಅನ್ನುವ ಸುದ್ದಿ ಬಂದಾಗಲೆಲ್ಲ ಆಕೆಯ ತಾಯಿ ಆಕೆಯನ್ನು ಕಟ್ಟಿಕೊಂಡು ಪಕ್ಕದ ಮನೆಯ, ಅರಳೆ ಹಿಂಜುವ ಪಿಂಜಾರ ಇಮಾಮಸಾಬರ ಖಾಲಿ ಹಗೇವಿನಲ್ಲಿ ಇಳಿಯುತ್ತಿದ್ದಳಂತೆ. ಇಮಾಮಸಾಬರು ಮೇಲೆ ಕಲ್ಲು ಎಳೆದು ಅದರ ಮೇಲೆ ಅರಳೆ ಹರವಿ ಕೂರುತ್ತಿದ್ದರಂತೆ. ಹೆದರಿ ಉಸಿರು ಜಗ್ಗಿದರೆ ಒಳಗೆ ಗುಂಯ್ ಅನ್ನುತ್ತದೆ, ಮೇಲಿನವರಿಗೆ ಕೇಳುತ್ತದೆ. ಅದಕ್ಕೇ ತಾಯಿ ಕಲಿಸಿದ್ದಳು. ಹೆಜ್ಜೆ ಸಪ್ಪಳ ಬಂದ ಕೂಡಲೇ ಮೆಲ್ಲಗೆ ಎಲ್ಲ ಬಿಟ್ಟುಬಿಡು, ಬಿಟ್ಟು ಸುಮ್ಮನೆ ಕೂಡು.

ಇದನ್ನೆಲ್ಲ ಆಕೆ ಹೇಳುವಷ್ಟರಲ್ಲಿ ಪಾಟೀಲರ ಸಿಟ್ಟು ಇಳಿದಿತ್ತು. ಸೂಜಿ ಬದಲಿಸಿ, ಸ್ಕ್ಯಾನ್ ಹಿಡಿದು, "ಆಯಿ, ಹಗೇವಿನಾಗ ಇಳೀರಿ" ಅಂದರು.

ಕಾಶಮ್ಮ ಉಸಿರು ಬಿಟ್ಟಳು. ಎದೆ ಇಳಿಯಿತು, ಪರದೆಯ ಮೇಲೆ ಗಂಟು ಮೇಲೆ ಬಂದು ನಿಂತಿತು. ಅಷ್ಟು ಸ್ಥಿರವಾದ ಲಿವರನ್ನು ನಾನು ಮತ್ತೆ ನೋಡಿಲ್ಲ. ಸೂಜಿ ಟಕ್ ಅಂತು, ಹೊರಗೆ ಬಂತು. ಎಳೆ ತಟ್ಟೆಗೆ ಜಾರಿತು. ನಾವೆಲ್ಲ ತಟ್ಟೆಯ ಮೇಲೆ ಬಗ್ಗಿದೆವು. ಪಾಟೀಲರು, ಹೊಸ ನರ್ಸು, ಬಾಗಿಲಿನಿಂದ ಒಳಗೆ ಬಂದೇಬಿಟ್ಟಿದ್ದ ಶರಣಪ್ಪ, ನಾನು. ಅರ್ಧ ಬಿಳಿ, ಅರ್ಧ ಕಾಚಿನ ಬಣ್ಣ. ಅಂಚು ಸರಿಯಾಗಿ ಸಿಕ್ಕಿತ್ತು. ಒಂದೇ ತುಂಡಾಗಿ ಮುಳುಗಿತು. ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ ನೋಡಿ, "ಸಾಕು" ಅಂದೆ. ಪಾಟೀಲರು ಉಸಿರು ಬಿಟ್ಟರು. ಶರಣಪ್ಪ ಕಣ್ಣೊರೆಸಿಕೊಂಡ.

ಆಗ ನನಗೆ ರೂಮಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ತಿರುಗಿದೆ. ಕಾಶಮ್ಮನ ಎದೆ ಅಲುಗುತ್ತಿರಲಿಲ್ಲ. ಮುಖ ಬೆವೆತು, ತುಟಿ ಕಪ್ಪಿಟ್ಟು, ಕಣ್ಣು ಮಾತ್ರ ನಮ್ಮ ಮೇಲೆ ನೆಟ್ಟಿತ್ತು.

"ಆಯಿ, ಉಸುರು ಆಡ್ರಿ" ಅಂತ ಭುಜ ಹಿಡಿದು ಅಲುಗಿಸಿದೆ.

ಆಕೆ ಜಗ್ಗಿದ ಗಾಳಿಯ ಸದ್ದು ಇನ್ನೂ ಕಿವಿಯಲ್ಲಿದೆ. ಕೆಮ್ಮಿ, ಸುಧಾರಿಸಿಕೊಂಡು, "ನೀವ್ಯಾರೂ ಹೇಳಲೇ ಇಲ್ಲಲ್ಲ" ಅಂದಳು. "ಇಮಾಮಸಾಬ ಕಲ್ಲು ಸರಸಿದ ಕೂಡ್ಲೇ ಮೊದಲು ನನ್ನ ಮಾರಿನೇ ನೋಡ್ತಿದ್ದ."

ನಾನು ಆಕೆಯ ಹಣೆಯ ಬೆವರು ಒರೆಸಿದೆ.

ಎರಡನೇ ಎಳೆಯಲ್ಲಿ ಕ್ಯಾನ್ಸರ್ ಇರಲಿಲ್ಲ. ಕ್ಷಯದ ಗುರುತು ಸ್ಪಷ್ಟವಾಗಿತ್ತು, ಗುಳಿಗೆ ಶುರುವಾಯಿತು. ಮೊದಲನೆಯ ಪುಡಿಯನ್ನು ಫಾರ್ಮಲಿನ್‌ಗೆ ಹಾಕದೆ ಸಲೈನಿನಲ್ಲೇ ಬಿಟ್ಟಿದ್ದೆವು. ಅದನ್ನು ರೋಗಾಣು ಬೆಳೆಸಿ ನೋಡುವ ಲ್ಯಾಬಿಗೆ ಕಳಿಸಿದೆ. ವಾರಗಳಾದ ಮೇಲೆ ಕ್ಷಯದ ರೋಗಾಣು ಬೆಳೆದದ್ದು ಅದರಲ್ಲೇ. ಪಾಟೀಲರು ವರ್ಷಗಟ್ಟಲೆ ಅದನ್ನು ಹೇಳಿ ನನ್ನ ಕಾಲೆಳೆದರು. ಎಳೆಯಲಿ ಬಿಡಿ. ಹೊಸಬರು ನೆನಪಿಡಬೇಕಾದ್ದು ಇಷ್ಟು: "ಸಾಲದು" ಅಂದ ಚೂರನ್ನೂ ಬಿಸಾಡಬೇಡಿ, ಕ್ಷಯದ ಅನುಮಾನವಿದ್ದರೆ ಎಲ್ಲವನ್ನೂ ಫಾರ್ಮಲಿನ್‌ನಲ್ಲಿ ಮುಳುಗಿಸಿ ರೋಗಾಣುವನ್ನೂ ಕೊಲ್ಲಬೇಡಿ. ಗುಳಿಗೆ ಮುಗಿಸಿ ಕಾಶಮ್ಮ ಬಂದಾಗ ಬಳೆಗಳು ಮಣಿಕಟ್ಟಿಗೆ ಇಳಿದು ನಿಂತಿದ್ದವು. ಆಕೆ ಬಂದ ಬಸ್ಸು ಓಡಿಸಿಕೊಂಡು ಬಂದದ್ದು ಶರಣಪ್ಪನೇ.

ಆ ದಿನದ ನಂತರ ಆ ರೂಮಿನಲ್ಲಿ ಕೆಲಸದ ಕ್ರಮ ಬದಲಾಯಿತು. ಸೂಜಿ ಹೊರಗೆ ಬಂದ ಕೂಡಲೇ ಎಳೆ ಸಲೈನಿಗೆ ಬೀಳುತ್ತದೆ, ಯಾರೂ ಅದರ ಕಡೆ ನೋಡುವುದಿಲ್ಲ. ಚೂರು ಕಾಯುತ್ತದೆ, ಅದಕ್ಕೆ ಉಸಿರು ಬೇಕಿಲ್ಲ. ನಾನು ಮೊದಲು ಮೇಜಿನ ತಲೆಯ ಕಡೆ ಹೋಗಿ, ಬಗ್ಗಿ, "ಉಸುರು ಆಡ್ರಿ" ಅನ್ನುತ್ತಿದ್ದೆ. ಎದೆ ಏಳುವುದನ್ನು ನೋಡಿದ ಮೇಲೆಯೇ ತಟ್ಟೆ ಕೈಗೆ ತಗೊಳ್ಳುತ್ತಿದ್ದೆ.

ಜೇವರ್ಗಿಯ ತಂಗಿ, ಪೇಶಂಟ್ ಮಾರಿ ನೋಡೋದು ಇರಂಗಿಲ್ಲಂತಲ್ರಿ ಅಂತ ಕೇಳಿದ್ದೆಯಲ್ಲ. ಇದೆ. ಚೂರು ನೋಡುವುದಕ್ಕಿಂತ ಮೊದಲು ಅದೇ ಇದೆ.